ಎರಡಡಿಯ ಊರುಗೋಲು

ಎರಡಡಿ ಎರಡಂಗುಲ ಉದ್ದದ ಕೋಲನ್ನು ಊರಿಕೊಂಡು ಘಟ್ಟ ಇಳಿದು ಬರಬೇಕಾದರೆ ಮನುಷ್ಯ ಎಷ್ಟು ಎತ್ತರ ಇರಬೇಕು? ನಗಬೇಡಿ. ಈ ಲೆಕ್ಕವನ್ನು ನಾನು ಆರನೇ ಕ್ಲಾಸಿನಲ್ಲಿದ್ದಾಗ ಬಹಳ ಗಂಭೀರವಾಗಿ ಮಾಡಿದ್ದೆ. ಆಗಷ್ಟೇ ನಮಗೆ ತ್ರೈರಾಶಿ ಕಲಿಸಿದ್ದರು. ಹೊಸ ಕತ್ತಿ ಸಿಕ್ಕವನು ಅಂಗಳದ ಬಾಳೆಗಿಡ ಕಡಿಯುತ್ತಾನಲ್ಲ, ಹಾಗೆ ಕಂಡ ಕಂಡದ್ದಕ್ಕೆಲ್ಲ ತ್ರೈರಾಶಿ ಹಾಕುತ್ತಿದ್ದೆ. ನಮ್ಮ ಅಜ್ಜನ ಊರುಗೋಲು ಮೂರಡಿ, ಅಜ್ಜ ಐದಡಿ ಎರಡಂಗುಲ. ಹಾಗಾದರೆ ಎರಡಡಿ ಎರಡಂಗುಲದ ಊರುಗೋಲಿನ ಒಡೆಯ? ಉತ್ತರ ಮೂರು ಮುಕ್ಕಾಲು ಅಡಿ ಬಂತು. ಮತ್ತೊಮ್ಮೆ ಮಾಡಿದೆ, ಆಗಲೂ ಅಷ್ಟೇ ಬಂತು. ಪುಸ್ತಕವನ್ನು ಅಪ್ಪನ ಬಳಿ ಕೊಂಡುಹೋದೆ. ಅಪ್ಪ ಲೆಕ್ಕವನ್ನು ಪೂರ್ತಿ ನೋಡಿ, ಎಲ್ಲೂ ತಪ್ಪು ಸಿಗದೆ, “ಆಗಿನವರು ಬಾಗಿ ನಡೀತಿದ್ದರು” ಎಂದು ಹೇಳಿ ನನ್ನ ಕಿವಿ ಹಿಂಡಿದರು.

ಆ ಕೋಲು ನಮ್ಮ ಮೂಲಪುರುಷ ಪಾಸ್ಕಲನದು. ಅವನ ಕಥೆ ಇಷ್ಟೇ. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ, ಸುಲ್ತಾನರ ಕಾಲದಲ್ಲಿ, ನಮ್ಮ ಕರಾವಳಿಯ ಕ್ರೈಸ್ತರನ್ನು ಮನೆಮಠ ಬಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಕೊಂಡೊಯ್ದರು. ಹದಿನೈದು ವರ್ಷಗಳಾದ ಮೇಲೆ, ಬದುಕಿ ಉಳಿದವರು ತಿರುಗಿ ಬಂದರು. ಯಾಕೆ ಒಯ್ದರು, ಎಷ್ಟು ಜನರನ್ನು ಒಯ್ದರು ಎಂದು ತಿಳಿದವರು ಇವತ್ತಿಗೂ ವಾದ ಮಾಡುತ್ತಾರೆ. ನಾನು ಆ ಸುದ್ದಿಗೆ ಹೋಗುವವನಲ್ಲ. ನಮ್ಮ ಮನೆಯ ಹಿರಿಯರು ಆ ಹದಿನೈದು ವರ್ಷಗಳನ್ನು ‘ಪಟ್ಟಣ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. “ಪಟ್ಟಣಕ್ಕೆ ಹೋದ, ಪಟ್ಟಣದಿಂದ ಬಂದ, ಬರುವಾಗ ಕೈಯಲ್ಲಿದ್ದದ್ದು ಈ ಕೋಲು ಒಂದೇ” ಎನ್ನುವಲ್ಲಿಗೆ ಕಥೆ ಮುಗಿಯುತ್ತಿತ್ತು. ತಿರುಗಿ ಬಂದಾಗ ಅವನ ಹಳೆಯ ಮನೆಯಲ್ಲಿ ಬೇರೆಯವರ ಒಲೆ ಉರಿಯುತ್ತಿತ್ತಂತೆ. ಜಗಳವಾಡದೆ ದೇರೆಬೈಲಿನ ಒಂದು ದಿಣ್ಣೆಯ ಮೇಲೆ ಗುಡಿಸಲು ಕಟ್ಟಿದನಂತೆ. ನಮ್ಮ ಮನೆ ಈಗಲೂ ಇರುವುದು ಅಲ್ಲೇ.

ಕೋಲು ಮನೆಯ ಆಲ್ತಾರಿನ, ಅಂದರೆ ದೇವರ ಪೀಠದ ಕೆಳಗೆ ಎರಡು ಮೊಳೆಗಳ ಮೇಲೆ ಮಲಗಿರುತ್ತಿತ್ತು. ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ ಹೊಸ ಅಕ್ಕಿಯ ಮೊಂತಿ ಹಬ್ಬದ ಹಿಂದಿನ ದಿನ, ಅದಕ್ಕೆ ತೆಂಗಿನೆಣ್ಣೆಯ ಅಭ್ಯಂಜನ. ಆಮೇಲೆ ಒಂದು ಮೊಳ ಮಲ್ಲಿಗೆಯ ಅಲಂಕಾರ. ಪರೀಕ್ಷೆಗೆ ಹೋಗುವ ಮಕ್ಕಳು ಅದನ್ನು ಹಣೆಗೆ ಮುಟ್ಟಿಸಿಕೊಂಡು ಹೋಗಬೇಕು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಮುಟ್ಟಿಸಿಕೊಂಡೆ.

ಕೋಲು ಗಿಡ್ಡವಾದ್ದರಿಂದ ಪಾಸ್ಕಲಜ್ಜ ಗಿಡ್ಡ. ಅಜ್ಜ ಗಿಡ್ಡನಾದ್ದರಿಂದ ನಾವೂ ಗಿಡ್ಡ. ಇದು ನಮ್ಮ ಕುಟುಂಬದ ಎರಡನೆಯ ಧರ್ಮ ಎನ್ನಿ. ಬೇರೆಯವರ ಮನೆಯಲ್ಲಿ ಮಗು ಎತ್ತರವಾಗದಿದ್ದರೆ ಟಾನಿಕ್ ಕೊಡಿಸುತ್ತಾರೆ. ನಮ್ಮಲ್ಲಿ ಕೋಲು ತೋರಿಸುತ್ತಿದ್ದರು. ನನ್ನ ಹೆಂಡತಿ ಲೀನಾ ನನಗಿಂತ ಎರಡಂಗುಲ ಎತ್ತರ. ಮದುವೆಯ ದಿನ ಫೋಟೋದವ ನನ್ನನ್ನು ಒಂದು ಮೆಟ್ಟಿಲು ಮೇಲೆ ನಿಲ್ಲಿಸಿದಾಗ ನನ್ನ ಅಪ್ಪ ಬೀಗರ ಕಡೆಗೆ ತಿರುಗಿ, “ಪಟ್ಟಣದ ರಕ್ತ” ಎಂದು ಹೆಮ್ಮೆಯಿಂದ ಹೇಳಿದ್ದರು. ಅವರಿಗೆ ಎಂತ ಅರ್ಥವಾಯಿತೋ ದೇವರಿಗೇ ಗೊತ್ತು. ಲೀನಾಳ ತಾಯಿ ಆ ಮೇಲೆ ಬಹಳ ದಿನ ನನಗೆ ಬ್ಲಡ್ ಟೆಸ್ಟ್ ಮಾಡಿಸಲು ಹೇಳುತ್ತಿದ್ದರು.

ಆದರೆ ಈ ಧರ್ಮವನ್ನು ನಿಜವಾಗಿ ನಂಬಿ ಬದುಕಿದವರು ಒಬ್ಬರೇ, ನಾತಾಲ್ ಆಕಯ್. ಆಕಯ್ ಎಂದರೆ ಅಪ್ಪನ ಅಕ್ಕ. ಈಗ ಎಂಬತ್ನಾಲ್ಕು ವರ್ಷ, ಎತ್ತರ ನಾಲ್ಕಡಿ ಏಳಂಗುಲ. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದರು. ಕರಿಹಲಗೆಯ ಮೇಲಿನ ಅರ್ಧಕ್ಕೆ ಕೈ ಎಟುಕದೆ ಮಣೆ ಹಾಕಿಕೊಂಡು ಬರೆಯುತ್ತಿದ್ದರು. ಮಕ್ಕಳು ನಗಲಿಲ್ಲ, ಏಕೆಂದರೆ ಆಕಯ್ ಮಣೆಯಿಂದ ಇಳಿದರೆ ಯಾರ ಬೆನ್ನಿಗೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹರೆಯದಲ್ಲಿ ಅವರನ್ನು ನೋಡಲು ಮೂರು ಕಡೆಯವರು ಬಂದಿದ್ದರು. ಮೂರು ಕಡೆಯವರೂ ಚಹಾ ಕುಡಿದು, ಕೋಡುಬಳೆ ತಿಂದು, “ಹುಡುಗಿ ಸ್ವಲ್ಪ ಗಿಡ್ಡ” ಎಂದು ಹೇಳಿಕಳಿಸಿದರು. ಮೂರನೆಯ ಸಲ ಅಜ್ಜ ಮಗಳನ್ನು ಆಲ್ತಾರಿನ ಮುಂದೆ ನಿಲ್ಲಿಸಿ, ಕೋಲು ತೋರಿಸಿ, “ಇಷ್ಟು ಸಣ್ಣ ಮನುಷ್ಯ ಘಟ್ಟ ಇಳಿದು ಬಂದ. ನೀನು ಯಾರ ಮುಂದೆಯೂ ತಲೆ ತಗ್ಗಿಸಬೇಡ” ಎಂದರಂತೆ. ಆಕಯ್ ತಗ್ಗಿಸಲಿಲ್ಲ. ನಾಲ್ಕನೆಯ ಕಡೆಯವರು ಬರುತ್ತೇವೆ ಎಂದಾಗ ಇವರೇ ಬೇಡ ಎಂದರು. ದೇರೆಬೈಲಿನ ಮನೆಯಲ್ಲಿ ಉಳಿದರು, ಕೋಲಿಗೆ ಎಣ್ಣೆ ಹಚ್ಚುವ ಕೆಲಸವನ್ನು ಕೈಗೆ ತೆಗೆದುಕೊಂಡರು.

ಹೋದ ವರ್ಷದ ಆರಂಭದಲ್ಲಿ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ನಿರ್ಣಯವಾಯಿತು. ಮೊಂತಿ ಹಬ್ಬದ ಮರು ಭಾನುವಾರ ದೇರೆಬೈಲಿನಲ್ಲಿ ಎಲ್ಲರೂ ಸೇರುವುದು. ಆ ದಿನ ಕೋಲನ್ನು ಹಿರಿಯ ಮಗನ ಹಿರಿಯ ಮಗನಾದ, ಕುವೈತಿನಲ್ಲಿರುವ ನನ್ನ ದೊಡ್ಡಪ್ಪನ ಮಗ ಪಾಸ್ಕಲನಿಗೆ ಹಸ್ತಾಂತರಿಸುವುದು. ಮೂಲಪುರುಷನ ಚರಿತ್ರೆಯ ಒಂದು ಪುಸ್ತಿಕೆ ಹೊರತರುವುದು. ಪುಸ್ತಿಕೆ ಬರೆಯುವವನು ಯಾರು ಎಂಬಲ್ಲಿ ಎಲ್ಲರೂ ಒಮ್ಮೆಲೇ ಕೈಮುಗಿಯುವ ಚಿತ್ರ ಹಾಕಿದರು. ಆಕಯ್ ನನಗೆ ಫೋನ್ ಮಾಡಿದರು. ನಾವು ಮಾತಾಡುವುದು ಕೊಂಕಣಿಯಲ್ಲಿ. ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.

“ಪುತಾ, ನೀನೇ ಬರಿ. ಮೂವತ್ತೈದು ವರ್ಷ ಅಂಚೆಯಲ್ಲಿ ಇದ್ದವ ನೀನು. ಅರ್ಧ ವಿಳಾಸದವರನ್ನು ಹುಡುಕುವುದು ನಿನಗೆ ಅಭ್ಯಾಸ ಉಂಟಲ್ಲ.”

“ಅದು ಬದುಕಿದ್ದವರನ್ನು ಆಕಯ್.”

“ಸತ್ತವರು ಇನ್ನೂ ಸುಲಭ. ಮನೆ ಬದಲಾಯಿಸುವುದಿಲ್ಲ.”

ಹೀಗೆ ಶುರುವಾಯಿತು ನನ್ನ ಸಂಶೋಧನೆ. ಹಳೆಯ ಇಗರ್ಜಿಯೊಂದರ, ಅಂದರೆ ಚರ್ಚಿನ, ಆಫೀಸಿನಲ್ಲಿ ಅನುಮತಿ ಪಡೆದು, ಮಕ್ಕಳಿಗೆ ಹೆಸರಿಡುವ ಜ್ಞಾನಸ್ನಾನ, ಮದುವೆ ಮತ್ತು ಸಾವಿನ ದಾಖಲೆಗಳ ದಪ್ಪ ಪುಸ್ತಕಗಳ ಮುಂದೆ ಕುಳಿತೆ. ಪಟ್ಟಣಕ್ಕೆ ಹೋಗುವ ಮೊದಲಿನ ಪುಸ್ತಕಗಳು ಉಳಿದಿಲ್ಲ. ಇರುವುದೆಲ್ಲ ಬಂದ ಮೇಲಿನದು. ಅಕ್ಷರ ಇರುವೆಯ ಸಾಲು. ಅದನ್ನು ಹೇಗೋ ಓದಬಹುದು ಎನ್ನಿ, ಓದಿದ ಮೇಲಿನ ಅವಸ್ಥೆ ಬೇರೆ. ನಮ್ಮವರಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಮೊದಲ ಮಗಳಿಗೆ ಅಪ್ಪನ ಅಮ್ಮನ ಹೆಸರು ಇಡಬೇಕು. ಇಡದಿದ್ದರೆ ಅಜ್ಜ ಅಜ್ಜಿ ಮನೆಗೆ ಕಾಲಿಡುವುದಿಲ್ಲ. ಅದರಿಂದಾಗಿ ಪಾಸ್ಕಲನ ಮಗ ಸಾಲ್ವದೊರ್, ಸಾಲ್ವದೊರನ ಮಗ ಪಾಸ್ಕಲ್, ಆ ಪಾಸ್ಕಲನ ಮಗ ಮತ್ತೆ ಸಾಲ್ವದೊರ್. ಒಂದು ತಿಂಗಳು ನಾನು ಒಬ್ಬ ಪಾಸ್ಕಲನ ಬೆನ್ನು ಹತ್ತಿ, ಅವನ ಮದುವೆ, ಮಕ್ಕಳು, ಸಾವು ಎಲ್ಲ ಬರೆದುಕೊಂಡು, ಸಾವಿನ ಪುಟದ ಮುಂದೆ ಸಣ್ಣಗೆ ಕಣ್ಣೊರೆಸಿಕೊಂಡೆ. ಮರುದಿನ ನೋಡಿದರೆ ಅವನು ನಮ್ಮ ಅಜ್ಜನಲ್ಲ, ಪಕ್ಕದ ಮನೆಯವರ ಅಜ್ಜ. ಆ ಕಣ್ಣೀರನ್ನು ವಾಪಸು ಕೇಳಲು ಆಗುವುದಿಲ್ಲವಷ್ಟೆ.

ಕೊನೆಗೆ ನಮ್ಮವನು ಸಿಕ್ಕಿದ. ಪಟ್ಟಣದಿಂದ ಬಂದ ಪಾಸ್ಕಲ್. ಪಟ್ಟಣದಲ್ಲೇ ಹುಟ್ಟಿದ ಮಗ ಸಾಲ್ವದೊರ್. ಸಾಲ್ವದೊರನ ಮಕ್ಕಳು ಆರು ಮಂದಿ. ಪಾಸ್ಕಲನ ಸಾವಿನ ನಾಲ್ಕು ಪುಟಗಳ ನಂತರ ‘ಪಾಸ್ಕಲನ ವಿಧವೆ’ ಎಂದು ಇನ್ನೊಂದು ಸಾಲು ಇತ್ತು. ಹೆಸರಿಲ್ಲ. ನಾನೂ ಅದನ್ನು ದೊಡ್ಡ ಕೊರತೆ ಎಂದುಕೊಳ್ಳಲಿಲ್ಲ. ಪ್ರತಿ ವರ್ಷ ನವೆಂಬರ್ ಎರಡರಂದು, ಸತ್ತವರನ್ನು ನೆನೆಯುವ ದಿನ, ಪೂಜೆಯಲ್ಲಿ ಓದಿಸಲು ಆಕಯ್ ಬರೆದು ಕೊಡುವ ನಮ್ಮ ಮನೆಯ ಪಟ್ಟಿಯೂ ‘ಪಾಸ್ಕಲ್, ಮತ್ತು ಅವನ ಹೆಂಡತಿ’ ಎಂದೇ ಶುರುವಾಗುತ್ತಿತ್ತು. ಅದು ಅವರ ಅಜ್ಜ ಬರೆಯುತ್ತಿದ್ದ ಪಟ್ಟಿ, ಒಂದಕ್ಷರ ಬದಲಾಗಿರಲಿಲ್ಲ. ವಂಶವೃಕ್ಷ ಬರೆಯುವಾಗ ನಾನು ಇನ್ನೊಂದು ಜಾಣತನ ಮಾಡಿದೆ. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಮನೆ ಸೇರುವವರು ಎಂದು ಅವರಿಗೆ ಕೊಂಬೆ ಇಡಲೇ ಇಲ್ಲ. ಹಾಳೆಯಲ್ಲಿ ಜಾಗ ಸಾಲುತ್ತಿರಲಿಲ್ಲ ಎಂಬುದು ನನ್ನ ಸಮಾಧಾನ.

ಚರಿತ್ರೆ ಬರೆಯುವವನು ಸ್ಥಳ ನೋಡದಿದ್ದರೆ ಹೇಗೆ ಎಂದು ಏಪ್ರಿಲಿನಲ್ಲಿ ಶ್ರೀರಂಗಪಟ್ಟಣಕ್ಕೂ ಹೋಗಿಬಂದೆ. ಬಸ್ಸಿನಲ್ಲಿ ಘಟ್ಟ ಹತ್ತುವಾಗಲೇ ನನಗೆ ಎರಡು ಸಲ ವಾಂತಿಯಾಯಿತು. ಅಜ್ಜ ಇದನ್ನು ನಡೆದೇ ಹತ್ತಿದ, ನಡೆದೇ ಇಳಿದ. ಕೋಟೆ ನೋಡಿದೆ, ಹೊಳೆ ನೋಡಿದೆ, ಇಲ್ಲೇ ಎಲ್ಲೋ ಇದ್ದಿರಬೇಕು ಎಂದು ಒಂದು ಹುಣಸೆಮರದ ಕೆಳಗೆ ಕಣ್ಣುಮುಚ್ಚಿ ನಿಂತೆ. ಹಸಿವೆಯಲ್ಲದೆ ಬೇರೇನೂ ಅನುಭವವಾಗಲಿಲ್ಲ. ಪಕ್ಕದ ಸಣ್ಣ ಹೋಟೆಲಿಗೆ ಹೋದರೆ, “ಬಿಸಿ ಮುದ್ದೆ ಐತೆ ಸಾರ್, ಸೊಪ್ಪಿನ ಸಾರು” ಎಂದರು. “ಅಯ್ಯೋ ಬೇಡ, ಅನ್ನ ಉಂಟಾ?” ಎಂದೆ. ಈ ಸಣ್ಣ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆಯಲು ಪ್ರಯತ್ನಿಸುತ್ತಿದ್ದೇನೆ.

ಜುಲೈಯಲ್ಲಿ ಆಕಯ್ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಸಿಕ್ಕಿದವರು ಜಯಮ್ಮ, ಮಂಡ್ಯ ಕಡೆಯವರು, ನಲವತ್ತೈದರ ಗಟ್ಟಿ ಹೆಂಗಸು. ಒಂದೇ ಕೈಯಲ್ಲಿ ಆಕಯ್ಯನ್ನು ಎಬ್ಬಿಸಿ ಕೂರಿಸುತ್ತಿದ್ದರು. ಅವರಿಗೆ ಒಂದೇ ಕಷ್ಟ, ನಮ್ಮ ಕುಚ್ಚಲಕ್ಕಿ. “ಮೂರು ತಟ್ಟೆ ತಿಂದ್ರೂ ಹೊಟ್ಟೆ ಖಾಲಿ ಸಾ” ಎಂದು ನನ್ನ ಬಳಿ ದೂರಿದರು. ಊರಿನಿಂದ ಯಾರೋ ಬರುವಾಗ ಒಂದು ಚೀಲ ರಾಗಿಹಿಟ್ಟು ತರಿಸಿಕೊಳ್ಳುತ್ತೇನೆ ಎಂದರು. ತರಿಸಿಕೊಳ್ಳಿ ಎಂದೆ.

ಮರುವಾರ ಒಂದು ಮಧ್ಯಾಹ್ನ ಉರ್ವದ ನನ್ನ ಮನೆಯಿಂದ ಸ್ಕೂಟರಿನಲ್ಲಿ ದೇರೆಬೈಲಿಗೆ ಹೋದೆ. ಪುಸ್ತಿಕೆಯ ಕರಡು ಬಂದಿತ್ತು, ಆಕಯ್ಗೆ ತೋರಿಸಬೇಕಿತ್ತು. ಮುಖಪುಟದಲ್ಲಿ ಕೋಲಿನ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ‘ಹಿರಿಯರ ಊರುಗೋಲು’. ಆಕಯ್ ಮಾತ್ರೆಯ ನಿದ್ದೆಯಲ್ಲಿದ್ದರು. ಅಭ್ಯಾಸಬಲದಿಂದ ಆಲ್ತಾರಿನ ಕಡೆ ನೋಡಿದರೆ ಎರಡು ಮೊಳೆಗಳು ಬೋಳಾಗಿ ನಿಂತಿವೆ. ಅಷ್ಟರಲ್ಲಿ ಅಡುಗೆಮನೆಯಿಂದ ಗುದ್ದಿದಂಥ ಸದ್ದು ಕೇಳಿತು. ಹೋಗಿ ನೋಡುತ್ತೇನೆ, ಜಯಮ್ಮ ನೆಲದ ಮೇಲೆ ಕೂತು, ಪಾತ್ರೆಯನ್ನು ಬಟ್ಟೆ ಸುತ್ತಿ ಎರಡು ಪಾದಗಳ ನಡುವೆ ಒತ್ತಿ ಹಿಡಿದು, ನಮ್ಮ ಮೂಲಪುರುಷನ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಗರಗರ ತಿರುಗಿಸುತ್ತಿದ್ದಾರೆ.

“ಜಯಮ್ಮ! ಎಂತ ಮಾಡ್ತಾ ಇದ್ದೀರಿ?”

“ಹಿಟ್ಟು ತೊಳಸ್ತಾ ಇವ್ನಿ ಸಾ. ಉಣ್ತೀರಾ?”

“ಅದು ಎಂತ ಕೋಲು ಗೊತ್ತುಂಟಾ ನಿಮಗೆ?”

“ಗೊತ್ತಿಲ್ದೆ ಏನು? ಮುದ್ದೆ ಕೋಲು. ಬಂದಾಗಿಂದ ಅಡುಗೆಮನೇಲಿ ತಡಕಾಡಿ ತಡಕಾಡಿ ಸಾಕಾಗಿತ್ತು. ನೀವು ನೋಡಿದ್ರೆ ಇದ್ನ ದೇವ್ರ ಕೆಳಗೆ ಮಡಗಿದೀರ!”

ನಾನು ಅಲ್ಲೇ ಅಕ್ಕಿಡಬ್ಬದ ಮೇಲೆ ಕುಳಿತೆ. ಇದು ಊರುಗೋಲು, ಇದನ್ನು ಹಿಡಿದುಕೊಂಡು ನಮ್ಮ ಅಜ್ಜ ನಿಮ್ಮ ಊರಿನಿಂದಲೇ ಘಟ್ಟ ಇಳಿದು ಬಂದದ್ದು ಎಂದು ಅವರಿಗೆ ವಿವರಿಸಿದೆ. ಜಯಮ್ಮ ಮರ್ಯಾದೆಯಿಂದ ಪೂರ್ತಿ ಕೇಳಿದರು. ಆಮೇಲೆ ಕೋಲಿಗೆ ಅಂಟಿದ ಹಿಟ್ಟನ್ನು ಬೆರಳಿನಿಂದ ಬಳಿದು ತೆಗೆದು, ತುದಿಯನ್ನು ನನ್ನ ಕಣ್ಣಿನ ಹತ್ತಿರ ಹಿಡಿದರು.

“ಊರ್ಕಂಡು ನಡೆದ ಕೋಲಾದ್ರೆ ಕಲ್ಲಿಗೆ ಬಡಿದು ತುದಿ ಸೀಳಿರ್ತದೆ ಸಾ. ಇದು ನೋಡಿ, ಸುತ್ತಾನೂ ದುಂಡಗೆ ಸವೆದೈತೆ. ಮಡಕೆ ತಳಕ್ಕೆ ಉಜ್ಜಿ ಉಜ್ಜಿ ಸವೆದದ್ದು. ಮೇಲೆ ಎರಡು ಕೈ ಹಿಡಿದ ಜಾಗ ನುಣ್ಣಗಾಗೈತೆ. ನಮ್ಮಜ್ಜಿ ಕೋಲೂ ಹಿಂಗೇ ಇತ್ತು. ಇದ್ನ ಯಾವ ಗಂಡಸೂ ಹಿಡಿದಿಲ್ಲ ಬುಡಿ. ಹೆಂಗಸು ಹಿಡಿದದ್ದು. ಒಂದಿನ ಎರಡು ದಿನ ಅಲ್ಲ, ವರ್ಷಗಟ್ಲೆ.”

ಆರನೇ ಕ್ಲಾಸಿನ ನನ್ನ ತ್ರೈರಾಶಿ ಸರಿಯಿತ್ತು, ಕೋಲು ತಪ್ಪಿತ್ತು. ಇನ್ನೂರು ವರ್ಷ, ಏಳು ತಲೆಮಾರು, ಮುದ್ದೆ ಉಂಡು ಬಂದವರು ಸತ್ತ ಮೇಲೆ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಗಂಜಿ ಉಣ್ಣುವ ನಾವು ಮುದ್ದೆ ತಿರುವುವ ಕೋಲನ್ನು ಕಂಡವರೇ ಅಲ್ಲ. ನಮಗೆ ಗೊತ್ತಿದ್ದ ಕೋಲುಗಳು ಎರಡೇ, ಊರುವುದು ಮತ್ತು ಹೊಡೆಯುವುದು. ಆ ಹುಣಸೆಮರದ ಕೆಳಗೆ ಅಜ್ಜ ಬಂದು ಕಾಣಿಸಲಿ ಎಂದು ನಿಂತಿದ್ದ ನಾನು, ಹದಿನೈದು ವರ್ಷ ಅವರನ್ನು ಬದುಕಿಸಿದ ಮುದ್ದೆಯನ್ನು ಹೋಟೆಲಿನಲ್ಲಿ ಬೇಡ ಎಂದಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು. ಜಯಮ್ಮ ಒಂದು ಉಂಡೆ ತಟ್ಟೆಗೆ ಹಾಕಿ ಕೊಟ್ಟರು. ಕಣ್ಣಲ್ಲಿ ನೀರು ತುಂಬಿಕೊಂಡು ಬಾಯಿಗಿಟ್ಟೆ, ಅದು ಹಲ್ಲಿಗೆ ಅಂಟಿ ಕೂತಿತು. “ಅಗಿಬ್ಯಾಡಿ ಸಾ, ನುಂಗಿ” ಎಂದರು. ಭಕ್ತಿಯೆಲ್ಲ ಗಂಟಲಲ್ಲಿ ಸಿಕ್ಕಿಕೊಂಡು, ಎರಡು ಲೋಟ ನೀರು ಕುಡಿಯಬೇಕಾಯಿತು.

ಕೋಲನ್ನು ತೊಳೆದು, ಒರೆಸಿ, ಮೊಳೆಗಳ ಮೇಲಿಟ್ಟು, ಆಕಯ್ ಏಳುವ ಮೊದಲೇ ಕಳ್ಳನ ಹಾಗೆ ಹೊರಟು ಬಂದೆ. ಲೀನಾಳಿಗೆ ಹೇಳಿದೆ. ಅವಳು ಕುರ್ಚಿಯಲ್ಲಿ ಕುಳಿತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಹೇಳಿದಳು:

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತಾರೆ. ನಿಮ್ಮವರು ಹಿಟ್ಟಿನ ಕೋಲಿಗೇ ಮಲ್ಲಿಗೆ ಮುಡಿಸಿದ್ದಾರಲ್ಲ ಮಾರಾಯ್ರೆ!”

“ನಗಬೇಡ. ಆಕಯ್ಗೆ ಯಾರು ಹೇಳುವುದು?”

ಅವಳ ನಗು ನಿಂತಿತು. ಅವಳಿಗೂ ಆ ಮೂರು ಕಡೆಯವರ ಕಥೆ ಗೊತ್ತಿತ್ತು. ಕೋಲು ಊರುಗೋಲಲ್ಲವಾದರೆ ಆ ಗಿಡ್ಡ ಅಜ್ಜನೂ ಇಲ್ಲ. ಆಕಯ್ ಅರವತ್ತು ವರ್ಷ ಯಾರನ್ನು ನೆನೆದು ತಲೆಯೆತ್ತಿ ನಡೆದರೋ ಆ ಮನುಷ್ಯನನ್ನೇ ನಾನು ಹೋಗಿ ಇಲ್ಲ ಎನ್ನಬೇಕು. ಅದೂ ಸೊಂಟ ಮುರಿದುಕೊಂಡು ಮಲಗಿದಾಗ. “ಹೇಳಬೇಡಿ, ಪುಸ್ತಿಕೆ ಹಾಗೇ ಬರಲಿ” ಎಂದಳು ಲೀನಾ. ಹತ್ತು ನಿಮಿಷ ಬಿಟ್ಟು, “ಹೇಳದಿದ್ದರೆ ಆ ಹೆಂಗಸಿಗೆ ಮೋಸ ಆಗುವುದಿಲ್ಲವಾ?” ಎಂದಳು. ಯಾವ ಹೆಂಗಸು ಎಂದು ಕೇಳಬೇಕಾಗಲಿಲ್ಲ.

ಧೈರ್ಯದ ವಿಷಯದಲ್ಲಿ ನನ್ನ ಎತ್ತರ ಇನ್ನೂ ಕಡಿಮೆ. ಎಂಟು ದಿನ ದೇರೆಬೈಲಿನ ಕಡೆ ತಲೆ ಹಾಕಲಿಲ್ಲ. ಸ್ಕೂಟರ್ ಕೆಟ್ಟಿದೆ ಎಂದೆ, ಮಳೆ ಎಂದೆ, ಶೀತ ಎಂದೆ. ಅತ್ತ ಪ್ರೆಸ್ಸಿನವ ದಿನಾ ಫೋನ್ ಮಾಡಿ, ಕರಡು ಎಲ್ಲಿ ಎಂದು ಕೇಳುತ್ತಿದ್ದ. ಒಂಬತ್ತನೇ ದಿನ ಆಕಯ್ಯೇ ಫೋನ್ ಮಾಡಿ, “ಸ್ಕೂಟರ್ ಇಲ್ಲದಿದ್ದರೆ ಬಸ್ಸು ಉಂಟು” ಎಂದು ಇಟ್ಟುಬಿಟ್ಟರು. ಶಾಲೆಗೆ ಚಕ್ಕರ್ ಹೊಡೆದವನ ಹಾಗೆ ಹೋಗಿ ಅವರ ಮಂಚದ ಪಕ್ಕ ನಿಂತೆ.

“ಕೂತ್ಕೋ. ಎಂತ ಹೇಳ್ಲಿಕ್ಕುಂಟು, ಹೇಳು.”

“ಎಂತದಿಲ್ಲ ಆಕಯ್.”

“ಆ ದಿನ ನಾನು ಎದ್ದಾಗ ಕೋಲು ಒದ್ದೆ ಇತ್ತು. ಜಯಮ್ಮನಿಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ, ಕೇಳಿದೆ, ಹೇಳಿದಳು. ನೀನು ಯಾವಾಗ ಬಂದು ಹೇಳ್ತಿ ಅಂತ ಎಂಟು ದಿನದಿಂದ ಕಾಯ್ತಾ ಇದ್ದೇನೆ.”

ನಾನು ತಲೆ ತಗ್ಗಿಸಿದೆ. ಆಕಯ್ ಕಿಟಕಿಯ ಕಡೆ ತಿರುಗಿದರು.

“ಮೊದಲ ದಿನ ನನಗೆ ಅಳು ಬಂತು ಪುತಾ. ಅಪ್ಪ ನನ್ನನ್ನು ಅಲ್ಲಿ ನಿಲ್ಲಿಸಿ ಹೇಳಿದ್ದೆಲ್ಲ ಸುಳ್ಳಾಯಿತಲ್ಲ ಅಂತ. ಎರಡನೇ ದಿನ ಸಿಟ್ಟು ಬಂತು. ಇನ್ನೂರು ವರ್ಷ ಆ ಹೆಂಗಸಿನ ಕೋಲಿಗೆ ಗಂಡನ ಹೆಸರಿನಲ್ಲಿ ಎಣ್ಣೆ ಹಚ್ಚಿದೆವು. ಹಚ್ಚಿದವಳು ನಾನೇ. ಮೂರನೇ ದಿನ ಜಯಮ್ಮನ ಮುದ್ದೆ ತಿಂದೆ.”

“ಹೇಗಿತ್ತು?”

“ಹಲ್ಲಿನ ಸೆಟ್ಟು ಕಳಚಿ ಬಂತು.” ಆಕಯ್ ನಗಲಿಲ್ಲ. “ಮನೆಯಿಂದ ಹೊರಡಿಸುವಾಗ ಹಿಡಿದುಕೊಳ್ಳಲಿಕ್ಕೆ ಏನೂ ಬಿಟ್ಟಿರಲಿಕ್ಕಿಲ್ಲ. ಅಲ್ಲಿ ಹೋಗಿ ಗೊತ್ತಿಲ್ಲದ ಹಿಟ್ಟು, ಗೊತ್ತಿಲ್ಲದ ಅಡುಗೆ. ಯಾರದೋ ಮನೆಯ ಹೆಂಗಸಿನ ಹತ್ತಿರ ಕಲಿತಿರಬೇಕು. ಮಗು ಹೆತ್ತು, ಅದನ್ನೇ ಉಣ್ಣಿಸಿ ಸಾಕಿದಳು. ತಿರುಗಿ ಬರುವಾಗ ಬೇರೆ ಎಲ್ಲ ಬಿಟ್ಟು ಅದೊಂದನ್ನು ತಂದಳು. ಇಲ್ಲಿ ಅಕ್ಕಿ ಸಿಗುತ್ತದೋ ಇಲ್ಲವೋ ಅಂತ ಹೆದರಿಕೆ ಇತ್ತೇನೋ. ಅವಳ ಹೆಸರು ಎಂತ?”

“ಬರೆದಿಲ್ಲ ಆಕಯ್. ಪಾಸ್ಕಲನ ವಿಧವೆ ಅಂತ ಅಷ್ಟೇ ಉಂಟು. ನಾನು ಎಲ್ಲ ಪುಟ ಹುಡುಕಿದ್ದೇನೆ. ಇನ್ನು ಸಿಗುವುದಿಲ್ಲ.”

ಆಕಯ್ ನನ್ನನ್ನು ನೋಡಿದ ನೋಟ ನನಗೆ ಗೊತ್ತಿತ್ತು. ಮಣೆಯಿಂದ ಇಳಿಯುವ ಮೊದಲು ಅವರು ನೋಡುತ್ತಿದ್ದದ್ದು ಹಾಗೆಯೇ.

“ಅವಳ ಮಗ ಯಾರು?”

“ಸಾಲ್ವದೊರ್.”

“ಸಾಲ್ವದೊರನ ಮೊದಲ ಮಗಳ ಹೆಸರು ಎಂತ?”

“ನೋಡಿದ್ದೇನೆ, ಆದರೆ ಬರೆದುಕೊಳ್ಳಲಿಲ್ಲ. ಹೆಣ್ಣುಮಕ್ಕಳನ್ನು ಮರದಲ್ಲಿ...”

“ನನಗೆ ನಾತಾಲ್ ಅಂತ ಯಾಕೆ ಇಟ್ಟರು?”

“ನಿಮ್ಮ ಅಪ್ಪನ ಅಮ್ಮನ ಹೆಸರು ನಾತಾಲ್...” ಎಂದವನು ಅಲ್ಲಿಗೇ ನಿಂತೆ. ಮೂವತ್ತೈದು ವರ್ಷ ಅಂಚೆಯಲ್ಲಿದ್ದವ ನಾನು. ವಿಳಾಸ ಲಕೋಟೆಯ ಹಿಂಬದಿಯಲ್ಲಿ ಬರೆದಿತ್ತು, ತಿರುಗಿಸಿ ನೋಡಿರಲಿಲ್ಲ. ಮೊಬೈಲ್ ತೆಗೆದು, ಇಗರ್ಜಿಯಲ್ಲಿ ತೆಗೆದ ಫೋಟೋಗಳನ್ನು ಒಂದೊಂದೇ ಸರಿಸಿದೆ. ಸಿಕ್ಕಿತು. ಸಾಲ್ವದೊರನ ಮೊದಲ ಮಗು, ಹೆಣ್ಣು. ಅಕ್ಷರವನ್ನು ದೊಡ್ಡದು ಮಾಡಿ ಆಕಯ್ಯ ಮುಂದೆ ಹಿಡಿದೆ. ಅವರು ಕನ್ನಡಕ ಸರಿಮಾಡಿಕೊಂಡು, ಮಗುವಿಗೆ ಕಾಗುಣಿತ ಹೇಳಿಕೊಡುವಂತೆ ಬಿಡಿಸಿ ಬಿಡಿಸಿ ಓದಿದರು.

“ಕಾ-ತ್ರಿ-ನ್.”

ಆಮೇಲೆ ಒಮ್ಮೆ ಸರಿಯಾಗಿ ಕರೆದರು, “ಕಾತ್ರಿನ್.” ಅಡುಗೆಮನೆಯಿಂದ ಜಯಮ್ಮ, “ಕರೆದ್ರಾ ಅಜ್ಜಿ?” ಎಂದು ಇಣುಕಿದರು. ಆಕಯ್ ಇಲ್ಲ ಎಂದು ಕೈಯಾಡಿಸಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಕಯ್ ಅಳುತ್ತಿದ್ದರು.

“ಆಕಯ್, ಅವಳು ಗಿಡ್ಡ ಇದ್ದಳೋ ಇಲ್ಲವೋ ಗೊತ್ತಿಲ್ಲ” ಎಂದೆ, ಏನಾದರೂ ಹೇಳಬೇಕಲ್ಲ ಎಂದು.

“ಗಿಡ್ಡವೇ” ಎಂದರು ಕಣ್ಣೊರೆಸುತ್ತ. “ಇಲ್ಲ ಅಂತ ತೋರಿಸಲಿಕ್ಕೆ ನಿನ್ನ ಹತ್ತಿರ ದಾಖಲೆ ಉಂಟಾ?” ಇರಲಿಲ್ಲ.

ಕೂಟದ ದಿನ ಐವತ್ತೆರಡು ಜನ ಸೇರಿದ್ದೆವು. ಕುವೈತಿನ ಪಾಸ್ಕಲ್ ದಪ್ಪ ಹಿಮ್ಮಡಿಯ ಬೂಟು ಹಾಕಿಕೊಂಡು, ಕೋಲು ಸ್ವೀಕರಿಸುವ ಭಾಷಣ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಆಕಯ್ ವಾಕರ್ ಹಿಡಿದು ಆಲ್ತಾರಿನ ಬಳಿ ಹೋಗಿ, ಕೋಲು ತೆಗೆದುಕೊಂಡು, ಅವನ ಮುಂದೆಯೇ ಹಾದು ಅಡುಗೆಮನೆಗೆ ನಡೆದರು. ಎತ್ತರದ ಮಣೆಯ ಮೇಲೆ ಕೂತರು. ಜಯಮ್ಮ ಪಾತ್ರೆ ಹಿಡಿದರು, ಆಕಯ್ ತಿರುವಿದರು. ನಾಲ್ಕು ಸುತ್ತು ತಿರುವುವಷ್ಟರಲ್ಲಿ ಸುಸ್ತಾಯಿತು. ಪಾಸ್ಕಲನನ್ನು ಕರೆದು, “ಹಿಡಿ. ಇದು ಹಸ್ತಾಂತರ” ಎಂದು ಅವನ ಕೈಗೆ ಕೊಟ್ಟರು. ಭಾಷಣ ಜೇಬಿನಲ್ಲೇ ಬೆವರಿಗೆ ಒದ್ದೆಯಾಯಿತು. ಆ ದಿನ ಐವತ್ತೆರಡು ಜನರೂ ಮುದ್ದೆ ಅಗಿದರು. ಜಯಮ್ಮ ಸಾಲುಸಾಲಾಗಿ ಓಡಾಡಿ, “ಅಗಿಬ್ಯಾಡಿ, ನುಂಗಿ, ಅಗಿಬ್ಯಾಡಿ” ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಮುಖಪುಟದಲ್ಲಿ ಫೋಟೋ ಅದೇ ಇತ್ತು; ಕೆಳಗೆ ‘ಕಾತ್ರಿನಳ ಕೋಲು’ ಎಂದು ಅಚ್ಚಾಗಿತ್ತು. ವಂಶವೃಕ್ಷದ ಹಾಳೆ ಈಗ ಎರಡು ಮಡಿಕೆ ದೊಡ್ಡದು. ಜಾಗ ಸಾಕಾಯಿತು.

ನವೆಂಬರ್ ಒಂದರಂದು ಆಕಯ್ ಸತ್ತವರ ಪಟ್ಟಿ ಬರೆದು ಇಗರ್ಜಿಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸಿದರು. ಹೊಸದಾಗಿ ಬಂದ ಎಳೆಯ ಫಾದರ್ ಹಾಳೆ ನೋಡಿ ಹುಬ್ಬೇರಿಸಿದರು.

“ಇದು ಮೊದಲನೇ ಸಾಲು... ತಪ್ಪಿಲ್ಲ ತಾನೇ? ಗಂಡಸಿನ ಹೆಸರು ಬಿಟ್ಟುಹೋಗಿದೆ. ನೀವು ಹೇಳಿದರೆ ಸೇರಿಸ್ತೇನೆ.”

“ಇಲ್ಲ ಫಾದರ್. ಟೀಚರ್ ಬರೆದದ್ದು. ಹಾಗೇ ಓದಿ.”

ಮರುದಿನ ಪೂಜೆಯಲ್ಲಿ ಆಕಯ್ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಪಕ್ಕದಲ್ಲಿ ಜಯಮ್ಮ ತಲೆಗೆ ಸೆರಗು ಹೊದ್ದು ಕೂತಿದ್ದರು. ಮನೆ ಮನೆಯ ಪಟ್ಟಿಗಳು ಒಂದೊಂದಾಗಿ ಮುಗಿದು ನಮ್ಮದು ಬಂತು. ಫಾದರ್ ನನ್ನ ಕಡೆ ಒಮ್ಮೆ ನೋಡಿದರು, ಮತ್ತೆ ಮೈಕಿನಲ್ಲಿ ಸ್ಪಷ್ಟವಾಗಿ ಓದಿದರು:

“ಕಾತ್ರಿನ್, ಮತ್ತು ಅವಳ ಗಂಡ.”